ಕಾಣವಲ್ದು, ಅಣ್ಣಾ

ಹೊಸ ಫೋನ್ ತಗೋ ಎಂದು ನನಗೆ ಹೇಳದವರು ಇಳಕಲ್ಲಿನಲ್ಲಿ ಯಾರೂ ಉಳಿದಿರಲಿಲ್ಲ. ನಾನು ಮನೆಯಲ್ಲೇ ಕೂತು ಕುಬಸ ಹೊಲಿಯುವವಳು. ಬೇರೆ ಕಡೆಯವರು ರವಿಕೆ, ಬ್ಲೌಸು ಎನ್ನುವುದಕ್ಕೆ ನಾವು ಕುಬಸ ಎನ್ನುತ್ತೇವೆ. ನಮ್ಮೂರ ಸೀರೆಗೆ ದೇಶವೆಲ್ಲ ಹೆಸರು, ಅದರ ಮೇಲಿನ ಕುಬಸ ಹೊಲಿಯುವವಳ ಹೆಸರು ಓಣಿ ದಾಟುವುದಿಲ್ಲ. ಇರಲಿ. ಇಪ್ಪತ್ತಾರು ವರ್ಷದಿಂದ ಅದೇ ಮಷಿನ್ನು ತುಳಿಯುತ್ತ ಬಂದಿದ್ದೇನೆ, ಇನ್ನೂ ಬೇಸರ ಬಂದಿಲ್ಲ.

ಮೊದಲಾದರೆ ಹೆಂಗಸರು ಅಳತೆಗೆ ಒಂದು ಹಳೆಯ ಕುಬಸ ತಂದು ಕೊಟ್ಟು, ಒಂದು ಕಪ್ ಚಹಾ ಕುಡಿದು, ಅತ್ತೆಯನ್ನು ಒಂದಿಷ್ಟು ಬೈದು ಹೋಗುತ್ತಿದ್ದರು. ಈಗ ಯಾರೂ ಬರುವುದಿಲ್ಲ, ಫೋಟೊ ಬರುತ್ತವೆ. ಬೆನ್ನಿನ ಕೊರಳು ಹಿಂಗಿರಲಿ, ತೋಳು ಹಂಗಿರಲಿ ಎಂದು ದಿನಕ್ಕೆ ಹತ್ತು. ನನ್ನ ಆರು ವರ್ಷದ ಫೋನಿನಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ನಾನು ಒಂದು ತೋಳು ಹೊಲಿದು ಮುಗಿಸುತ್ತಿದ್ದೆ. ತೆರೆದರೂ ಏನು, ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನು ಕಾದ ಹಂಚಿನಂತೆ ಆಗುತ್ತಿತ್ತು.

ಕಳೆದ ವರ್ಷ ಆಷಾಢದಲ್ಲಿ ಒಂದು ಅನಾಹುತವಾಯಿತು. ಹುನಗುಂದದ ಒಬ್ಬ ಶಿಕ್ಷಕಿ, ನನ್ನ ಹಳೆಯ ಗಿರಾಕಿ, ಮಗಳ ಮದುವೆಗೆಂದು ಗುಳೇದಗುಡ್ಡದ ಖಣ ಕೊಟ್ಟು ಕಳಿಸಿದ್ದರು. ಖಣವೆಂದರೆ ಕುಬಸಕ್ಕೆಂದೇ ನೇಯುವ ಬಟ್ಟೆ, ತುಂಡು ಚಿಕ್ಕದು, ಕತ್ತರಿ ತಪ್ಪಿದರೆ ಮುಗಿಯಿತು. ಕೊರಳಿನ ವಿನ್ಯಾಸದ ಫೋಟೊ ಕಳಿಸಿದ್ದರು. ಬೆನ್ನ ಮೇಲೆ ಓರೆಯಾಗಿ ಒಂದು ಗೆರೆ ಇಳಿದಿತ್ತು. ಇದೇನೋ ಹೊಸ ಫ್ಯಾಷನ್ನು ಇರಬೇಕೆಂದು ನಾನೂ ಓರೆಯಾಗಿಯೇ ಕತ್ತರಿಸಿದೆ. ಆಮೇಲೆ ನೋಡಿದರೆ ಅದು ನನ್ನ ಫೋನಿನ ಗಾಜಿನ ಸೀಳು. ಇಪ್ಪತ್ತಾರು ವರ್ಷದ ಕೈ ಒಂದು ಸೀಳು ನೋಡಿ ಮೋಸಹೋಯಿತಲ್ಲ ಎಂದು ನನಗೇ ನನ್ನ ಮೇಲೆ ಸಿಟ್ಟು ಬಂತು.

ನನ್ನ ಯಜಮಾನರು ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವರು. ಮಾತು ಕಡಿಮೆ. ಅವತ್ತು ಅವರೂ ಬಾಯಿ ಬಿಟ್ಟರು.

"ಆ ಫೋನ್ ಬಿಸಾಕು. ಒಂದು ಚಲೋದು ತಗೋ. ರೊಕ್ಕ ಇಟ್ಟಿ ಅಲ್ಲ ಡಬ್ಬ್ಯಾಗ."

"ಇಟ್ಟೇನಿ."

"ಮತ್ತ?"

ಮತ್ತೆ ಎಂದರೆ ಏನು ಹೇಳಲಿ. ರೊಕ್ಕವಿತ್ತು, ಹದಿನೆಂಟು ಸಾವಿರ. ಫೋನೂ ಬೇಕಿತ್ತು. ಆದರೂ ಹೊಸ ಫೋನು ನನಗೆ ಬೇಡವಾಗಿತ್ತು. ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಆಗಿರಲಿಲ್ಲ. ಆ ಒಡೆದ ಗಾಜಿನಿಂದಾಗಿ ನನ್ನ ಅಣ್ಣ ಶಿರೂರಿನಿಂದ ನನ್ನನ್ನು ನೋಡಲು ಬರುತ್ತಿದ್ದ.

ನನಗೆ ಇರುವವನು ಒಬ್ಬನೇ ಅಣ್ಣ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಬೇಗ ಹೋದ, ಹೀಗಾಗಿ ಬೈಯಲಿಕ್ಕೂ ಅವನೇ, ಮುದ್ದು ಮಾಡಲಿಕ್ಕೂ ಅವನೇ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಓಣಿಯ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ನನ್ನ ಪಾಳಿ ಬಂದಾಗ ಮಾತ್ರ ಲೆಕ್ಕ ತಪ್ಪಿಸಿ ಹತ್ತು ಸಲ ಹೆಚ್ಚಿಗೆ ತೂಗುತ್ತಿದ್ದ. ನಾಗಪ್ಪನಿಗೆ ಹಾಲೆರೆಯುವಾಗ ನಾವು ಇದು ಅಪ್ಪನ ಪಾಲು, ಇದು ಅವ್ವನ ಪಾಲು, ಇದು ಅಣ್ಣನ ಪಾಲು ಎಂದು ಹೇಳುತ್ತ ಒಂದೊಂದು ಹನಿ ಹಾಕುತ್ತೇವೆ. ಅವನು ನನ್ನ ಹಿಂದೆ ನಿಂತು, "ನಂದು ಎರಡು ಸಲ ಹಾಕ ತಂಗಿ, ನಾ ದೊಡ್ಡಾಂವ ಅದೇನಿ" ಎನ್ನುತ್ತಿದ್ದ. ನಾನು ಇಂದಿಗೂ ಎರಡು ಸಲವೇ ಹಾಕುತ್ತೇನೆ.

ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಪ್ರತಿ ಪಂಚಮಿಗೆ ಅವನು ಕರೆಯಲು ಬರುತ್ತಿದ್ದ. ನಮ್ಮ ಕಡೆ ಅದೊಂದು ಕಟ್ಟು. ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು, ನೀರು ಕುಡಿದು, ಕರೆದುಕೊಂಡು ಹೋಗಬೇಕು. ಕರೆಯದೆ ಹೋದವಳನ್ನು ಊರೇ ಒಂದು ತರಹ ನೋಡುತ್ತದೆ. ಪಂಚಮಿ ಬಿಟ್ಟು ಉಳಿದ ದಿನಗಳಲ್ಲೂ ಅವನು ಬರುತ್ತಿದ್ದ, ತಿಂಗಳಿಗೊಂದು ಭಾನುವಾರ. ಶಿರೂರಿನಿಂದ ಬಾಗಲಕೋಟೆ, ಅಲ್ಲಿಂದ ಹುನಗುಂದ, ಹುನಗುಂದದಿಂದ ಇಳಕಲ್ಲು. ಬಸ್ಸು ಸಿಕ್ಕರೆ ಮೂರು ತಾಸು, ಸಿಗದಿದ್ದರೆ ಅರ್ಧ ದಿನ. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಒಂದು ಪೊಟ್ಟಣ ಕರದಂಟು ತರುತ್ತಿದ್ದ, ಜೊತೆಗೆ ಅವನ ಹೆಂಡತಿ, ನಮ್ಮ ವೈನಿ, ಮತ್ತು ಅವಳ ಗೆಳತಿಯರ ಕುಬಸದ ಬಟ್ಟೆ.

ಬಂದರೆ ನಮ್ಮಿಬ್ಬರಿಗೂ ಮಾತು ಹೆಚ್ಚಿರಲಿಲ್ಲ. ನಾನು ಮಷಿನ್ನು ತುಳಿಯುತ್ತಿದ್ದೆ. ಅವನು ಪಕ್ಕದಲ್ಲಿ ಚಾಪೆಯ ಮೇಲೆ ಕೂತು ನನ್ನ ಸೂಜಿಗಳಿಗೆ ದಾರ ಪೋಣಿಸುತ್ತಿದ್ದ. ನನಗೆ ನಲವತ್ತಕ್ಕೇ ಚಾಳೀಸು ಬಂತು, ಅವನಿಗೆ ಅರವತ್ತಾದರೂ ಕನ್ನಡಕವಿಲ್ಲ. ಹದ್ದಿನ ಕಣ್ಣು ತನ್ನದು ಎಂದು ಹೇಳಿಕೊಂಡು ಹನ್ನೆರಡು ಸೂಜಿಗೆ ದಾರ ಹಾಕಿ, ಒಂದು ಬಟ್ಟೆಯುಂಡೆಗೆ ಚುಚ್ಚಿ ಇಟ್ಟು ಹೋಗುತ್ತಿದ್ದ. ಅವನು ಹೋದ ಮೇಲೆ ಒಂದೊಂದೇ ಸೂಜಿ ಖಾಲಿಯಾಗುವುದನ್ನು ನೋಡಿ, ಇನ್ನು ಎಷ್ಟು ದಿನಕ್ಕೆ ಬರುತ್ತಾನೆಂದು ನಾನು ತಿಳಿಯುತ್ತಿದ್ದೆ.

ಅಂಥವನ ಕೈಗೆ ಅವನ ಸೊಸೆ ತನ್ನ ಹಳೆಯ ಫೋನ್ ಕೊಟ್ಟಳು. ಆಗ ನನ್ನ ಫೋನೂ ಚೆನ್ನಾಗಿತ್ತು. ಸಂಜೆ ಅವಳು ವಿಡಿಯೊ ಹಚ್ಚಿ ಅವನ ಕೈಗಿಡುತ್ತಿದ್ದಳು, ಅವನು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದ.

"ನಾ ಕಾಣ್ತೇನೇನ ಅಣ್ಣಾ?"

"ಕಾಣ್ತಿ, ಕಾಣ್ತಿ. ಚಂದ ಕಾಣ್ತಿ. ಮಾರಿ ಸೊರಗೇತಲ್ಲ, ಉಣ್ಣಂಗಿಲ್ಲೇನ?"

ಮೊದಮೊದಲು ನನಗೆ ಸ್ವರ್ಗವೇ ಸಿಕ್ಕಂತಾಯಿತು. ದಿನಾ ಅಣ್ಣನ ಮುಖ. ಆ ತಿಂಗಳ ಭಾನುವಾರ ಅವನು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ನಕ್ಕ.

"ದಿನಾ ಮಾರಿ ನೋಡಾಕತ್ತೇವಲ್ಲ ತಂಗಿ. ಮತ್ತ ಬಸ್ಸಿನ್ಯಾಗ ಯಾಕ ಹೈರಾಣ ಆಗ್ಲಿ?"

ಆ ವರ್ಷ ಪಂಚಮಿಗೆ ಐದು ದಿನ ಇರುವಾಗ, "ಫೋನಿನ್ಯಾಗ ಕರದೇನಿ ಅಂತ ತಿಳಕೋ, ನೀನ ಬಂದ ಬಿಡು" ಎಂದ. ನಾನು ಹೂಂ ಎಂದೆ. ಆಮೇಲೆ ಅಡುಗೆಮನೆಗೆ ಹೋಗಿ, ಹೊಗೆ ಇಲ್ಲದ ಗ್ಯಾಸಿನ ಮುಂದೆ ಕೂತು, ಕಣ್ಣಿಗೆ ಹೊಗೆ ಹತ್ತಿದವಳಂತೆ ಅತ್ತೆ. ಹೋಗಲಿಲ್ಲ. ಫೋನಿನಲ್ಲಿ ಕರೆದರೆ ಹೋಗಲು ನಾನೇನು ಕೊರಿಯರ್ ಪೊಟ್ಟಣವೇ?

ಆ ಹಬ್ಬದ ಮರುವಾರವೇ ನನ್ನ ಫೋನು ಕೈಜಾರಿ ಬಾಗಿಲ ಮೆಟ್ಟಿಲ ಮೇಲೆ ಬಿತ್ತು. ನಮ್ಮವರು ಕಾಳಜಿಯಿಂದ ಕೂರಿಸಿದ ಕೆಂಪು ಗ್ರಾನೈಟು, ಅದರ ಮೇಲೆ ಬಿದ್ದ ಮೇಲೆ ಏನು ಉಳಿಯುತ್ತದೆ. ಗಾಜು ಸೀಳಿತು, ಕ್ಯಾಮೆರಾ ಕಪ್ಪಾಯಿತು, ವಿಡಿಯೊ ಹಚ್ಚಿದರೆ ಪರದೆಯೂ ಕಪ್ಪು. ಅಣ್ಣನ ವಿಡಿಯೊ ಬಂದಾಗ, "ಕಾಣವಲ್ದು ಅಣ್ಣಾ" ಎಂದೆ, ಕಾಣುತ್ತಿಲ್ಲ ಎಂದು. ಅವನು ಎರಡು ದಿನ ಸುಮ್ಮನಿದ್ದ. ಭಾನುವಾರ ಮುಂಜಾನೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಕಾಣವಲ್ದು ಅಂದಿ. ಅದಕ್ಕ ಬಂದ್ನಿ" ಎಂದ.

ಅವತ್ತು ನನಗಾದ ಸಂತೋಷಕ್ಕೆ ನಾನು ಎರಡು ಕುಬಸಕ್ಕೆ ತೋಳು ಅದಲುಬದಲು ಹಚ್ಚಿದೆ.

ಮುಂದೆ ಹೇಳುವುದಕ್ಕೆ ನಾಚಿಕೆ. ಅವನು ಹೋದ ಮೇಲೆ ಫೋನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಒಯ್ದೆ. ಅಂಗಡಿಯವರ ಹೆಂಡತಿಯ ಕುಬಸ ಹೊಲಿಯುವವಳು ನಾನೇ, ಹೀಗಾಗಿ ಪರಿಚಯ. ಅವರು ಒಳಗಿನ ಒಂದು ಎಳೆ ಸರಿಮಾಡಿ ಕ್ಯಾಮೆರಾ, ವಿಡಿಯೊ ಎರಡನ್ನೂ ಮೊದಲಿನಂತೆ ಮಾಡಿಕೊಟ್ಟರು. "ಗಾಜೂ ಬದಲಿ ಮಾಡ್ಲೇನ್ರಿ ಅಕ್ಕಾರ?" ಎಂದರು. ಬೇಡ ಎಂದೆ. ಒಡೆದ ಗಾಜು ನನಗೆ ಬೇಕಿತ್ತು, ಸಾಕ್ಷಿಗೆ.

ಅಂದಿನಿಂದ ಎರಡು ವರ್ಷ, ಅಣ್ಣನ ವಿಡಿಯೊ ಬಂದಾಗಲೆಲ್ಲ ನಾನು ಅವನ ಮುಖವನ್ನು ಕಣ್ತುಂಬ ನೋಡುತ್ತಲೇ, "ಕಾಣವಲ್ದು ಅಣ್ಣಾ, ಕರ್ರಗ ಕಾಣ್ತೈತಿ" ಎನ್ನುತ್ತಿದ್ದೆ. ನನ್ನ ಕ್ಯಾಮೆರಾದ ಮೇಲೆ ಬೆರಳಿಟ್ಟುಕೊಂಡು ಅವನಿಗೂ ಕಪ್ಪು ಮಾಡುತ್ತಿದ್ದೆ. ತಿಂಗಳಿಗೊಮ್ಮೆ ಅವನು ಬರುತ್ತಿದ್ದ. ಪಂಚಮಿಗೂ ಬಂದು ಕರೆದೊಯ್ದ. ಹುಬ್ಬಳ್ಳಿಯಲ್ಲಿರುವ ಮಗಳ ಜೊತೆ ಅದೇ ಫೋನಿನಲ್ಲಿ ನಾನು ತಾಸುಗಟ್ಟಲೆ ವಿಡಿಯೊ ಮಾತಾಡುವುದನ್ನು ಕಂಡ ನಮ್ಮವರು ಒಮ್ಮೆ, "ಮಗಳ ಕಾಣೂ ಫೋನಿನ್ಯಾಗ ಅಣ್ಣ ಯಾಕ ಕಾಣಂಗಿಲ್ಲ?" ಎಂದರು. "ಶಿರೂರಾಗ ರೇಂಜ್ ಇಲ್ಲ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ದನಿ ನನಗೇ ಜೋರಾಗಿ ಕೇಳಿತು.

ಆ ಎರಡು ವರ್ಷದಲ್ಲಿ ಅಣ್ಣನಲ್ಲಿ ಕೆಲವು ಬದಲಾವಣೆ ಕಂಡಿದ್ದೆ. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟ. ಕೈ ನಡುಗುತ್ತದೆ ಎಂದ. ಅದರ ಬದಲು ತಪ್ಪಿದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿಕೊಡುತ್ತಿದ್ದ, ಬೆರಳಿನಿಂದ ತಡವಿ ತಡವಿ. ಒಂದು ಭಾನುವಾರ ಸಂಜೆ ನಾಲ್ಕಾದರೂ ಬರಲಿಲ್ಲ. ಆಮೇಲೆ ಬಂದು ನಗುತ್ತ ಹೇಳಿದ, ಬಾಗಲಕೋಟೆ ಬಸ್ಸೆಂದು ಹತ್ತಿ ಕೂತರೆ ಅದು ಬಾದಾಮಿಗೆ ಹೋಯಿತಂತೆ. ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಮಂಗ ಅವನ ಕೈಯಿಂದ ಬಾಳೆಹಣ್ಣಿನ ಚೀಲ ಕಸಿದುಕೊಂಡಿತಂತೆ. "ಬಂದದ್ದು ಕಾಣಲಿಲ್ಲೇನ?" ಎಂದೆ. "ಬಾದಾಮಿ ಮಂಗ್ಯಾ ತಂಗಿ, ಹೇಳಿ ಕೇಳಿ ಬರ್ತಾವೇನ?" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಇನ್ನೊಂದು ವಿಷಯವನ್ನೂ ಕಂಡಿದ್ದೆ. ವಿಡಿಯೊದಲ್ಲಿ ಅವನು ನನ್ನತ್ತ ನೋಡುತ್ತಿರಲಿಲ್ಲ. ಮುಖ ಒಂದು ಕಡೆ ತಿರುವಿ ಗೋಡೆಯನ್ನೋ ಕಿಟಕಿಯನ್ನೋ ನೋಡುತ್ತ ಮಾತಾಡುತ್ತಿದ್ದ. ನನಗೆ ಒಳಗೊಳಗೇ ನೋವಾಗುತ್ತಿತ್ತು. ಏನಪ್ಪ ಅಷ್ಟು ಬೇಸರ, ತಂಗಿಯ ಜೊತೆ ಮಾತಾಡುವಾಗ ಗೋಡೆ ನೋಡುವಷ್ಟು? ಎಷ್ಟೋ ಸಲ "ಇತ್ಲಾಗ ನೋಡೋ" ಎನ್ನಬೇಕೆಂದು ಬಾಯಿವರೆಗೆ ಬಂದಿತ್ತು. ಆದರೆ ನನಗೆ ಏನೂ ಕಾಣುವುದಿಲ್ಲವಲ್ಲ, ಹೇಗೆ ಹೇಳಲಿ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಇಷ್ಟೆಲ್ಲ ಇಟ್ಟುಕೊಂಡು ಆಷಾಢದ ಆ ಅನಾಹುತದ ಮೇಲೆ ನಾನು ಅಂಗಡಿಗೆ ಹೋದೆ. ಅಂಗಡಿಯವರು ಒಂದು ಫೋನ್ ತೆಗೆದು ನನ್ನ ಫೋಟೊ ಹೊಡೆದು ತೋರಿಸಿದರು.

"ನೋಡ್ರಿ ಅಕ್ಕಾರ, ತಲ್ಯಾಗಿನ ಬಿಳಿ ಕೂದಲ ಎಣಸಬೌದು."

"ಅದನ್ನ ಎಣಸಾಕ ಹದಿನೆಂಟು ಸಾವಿರ ಕೊಡ್ಬೇಕೇನ್ರಿ?"

ಅವರು ನಕ್ಕರು. ನಾನು ನಗಲಿಲ್ಲ. ಈ ಫೋನ್ ಮನೆಗೆ ಬಂದರೆ ಸುಳ್ಳು ಹೇಳಲು ಜಾಗ ಉಳಿಯುವುದಿಲ್ಲ. ಅಣ್ಣ ಮತ್ತೆ ದಿನಾ ಫೋನಿನಲ್ಲಿ ಬರುತ್ತಾನೆ, ಬಾಗಿಲಿಗೆ ಬರುವುದಿಲ್ಲ. ಆ ಕಡೆ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಳ್ಳುತ್ತಿದ್ದಾರೆ. ಭಾನುವಾರ ಕಳೆದು ಹೇಳುತ್ತೇನೆ, ತೆಗೆದಿಡಿ ಎಂದು ಹೇಳಿ ಬಂದೆ. ಆ ಭಾನುವಾರ ಅಣ್ಣ ಬರುವವನಿದ್ದ. ಪಂಚಮಿಗೆ ಕರೆಯಲು ಬರುತ್ತೀಯಾ ಎಂದು ಕೇಳಿ, ಅವನ ಬಾಯಿಂದ ಒಂದು ಮಾತು ತೆಗೆದುಕೊಂಡು, ಆಮೇಲೆ ಫೋನಿನ ವಿಚಾರ ಮಾಡೋಣ ಎಂದುಕೊಂಡಿದ್ದೆ.

ಅವನು ಬಂದಾಗ ನಾನು ಹುನಗುಂದದ ಆ ಶಿಕ್ಷಕಿಗೆ ಅಂಥದೇ ಬೇರೆ ಖಣ ತರಿಸಿ ಹೊಲಿದು ಮುಗಿಸಿದ್ದೆ. ತೋಳು ಮಾತ್ರ ಬಿಗಿಯಾಗಿತ್ತು. ಬಿಚ್ಚಿಕೊಡು ಎಂದು ಅವನ ಕೈಗೆ ಕೊಟ್ಟು ಚಹಾಕ್ಕೆ ಹೋದೆ. ಬಂದು ನೋಡಿದರೆ ಹೊಲಿಗೆ ಹಾಗೇ ಇತ್ತು, ಅದರ ಪಕ್ಕ ಬಟ್ಟೆಯೇ ಒಂದು ಗೇಣು ಸೀಳಿತ್ತು. ಒಂದೇ ಕುಬಸ, ಎರಡನೇ ಖಣ. ನನ್ನ ಬಾಯಿ ನನ್ನ ಮಾತು ಕೇಳುವಂಥದ್ದಲ್ಲ.

"ಏನ ಮಾಡಿದ್ಯೋ ಅಣ್ಣಾ, ಕಣ್ಣ ಎಲ್ಲಿಟ್ಟಿದ್ದಿ?"

ಅವನು ಕುಬಸವನ್ನು ತೊಡೆಯ ಮೇಲೆ ಹರಡಿ ಬೆರಳಿನಿಂದ ಸವರಿದ. ಸೀಳು ಬೆರಳಿಗೆ ಸಿಕ್ಕಿತು. ಅಲ್ಲೇ ಬೆರಳಿಟ್ಟುಕೊಂಡು ಕೂತ.

"ನೆಟ್ಟಗ ನೋಡಿದ್ರ ಏನೂ ಕಾಣಂಗಿಲ್ಲ ತಂಗಿ. ನಡಕ ಒಂದು ಸುಟ್ಟ ರೊಟ್ಟಿ ಹಿಡದಂಗ ಆಗೇತಿ" ಎಂದ.

ನಾನು ಚಹಾ ಕೆಳಗಿಟ್ಟು ಅವನ ಪಕ್ಕ ಕೂತೆ.

"ಎಷ್ಟ ದಿನಾತು?"

"ಎರಡೂವರಿ ವರ್ಷ ಆಗಿರಬೇಕು. ಸೊಸಿ ಫೋನ್ ಕೊಟ್ಟ ವ್ಯಾಳ್ಯಾದಾಗ ಸುರು ಆಗಿತ್ತು. ಆಗ ಸಣ್ಣದಿತ್ತು."

"ಮತ್ತ ಫೋನಿನ್ಯಾಗ ಕಾಣ್ತಿ, ಕಾಣ್ತಿ ಅಂತಿದ್ದಿ?"

"ಕಾಣಂಗಿಲ್ಲ ಅಂದಿದ್ರ ನೀ ಅಳ್ತಿದ್ದಿ. ಮನ್ಯಾಗ ಹೇಳಿದ್ರ ದವಾಖಾನಿ ಅಂತಾರ. ಇರಲಿ ಬಿಡು, ವಯಸ್ಸಾತು ಅಂತ ಸುಮ್ನಿದ್ನಿ."

ಮರುದಿನವೇ ನಾನು ಅವನನ್ನು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ನನಗೆ ಪುಕ್ಕಟೆ ಚೀಟಿ ಹರಿದು ಕೊಟ್ಟರು, ಅವನಿಂದ ರೊಕ್ಕ ತೆಗೆದುಕೊಂಡರು. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದಾಗಿನಿಂದ ನಾನು ಆ ಚೀಟಿ ಎಷ್ಟೋ ಸಲ ಹಿಡಿದಿದ್ದೆ, ಮದುವೆಗೆ, ಸಂತೆಗೆ, ಮಗಳ ಮನೆಗೆ. ನಾನಾಗಿಯೇ ಶಿರೂರಿಗೆ ಹೊರಡಲು ಮಾತ್ರ ಒಮ್ಮೆಯೂ ಅಲ್ಲ. ಕರೆಯದೆ ಹೇಗೆ ಹೋಗಲಿ ಎಂಬ ನನ್ನ ಬಿಗುಮಾನ. ಬೋರ್ಡು ಓದಲಾಗದ ಮನುಷ್ಯ ಮೂರು ಬಸ್ಸು ಬದಲಿಸಿ ಬರಬೇಕು, ಕಣ್ಣಿದ್ದವಳು ಮನೆಯಲ್ಲಿ ಕೂತು ಕಾಯಬೇಕು. ಅಮೀನಗಡ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದೆ.

ಡಾಕ್ಟರ್ ಕಣ್ಣಿಗೆ ಔಷಧ ಬಿಟ್ಟು, ಬೆಳಕು ಹಾಯಿಸಿ, ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ ಎಂದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಪೊರೆಯಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಇನ್ನಷ್ಟು ದಿನ ಉಳಿಸಿಕೊಳ್ಳಲು ಗುಳಿಗೆ ಕೊಡುತ್ತೇನೆ. "ಇನ್ನೊಂಚೂರು ಲಗೂ ಬಂದಿದ್ರ ಚಲೋ ಇತ್ತು" ಎಂದರು. ಅದನ್ನು ಅವರು ಎಲ್ಲರಿಗೂ ಹೇಳುತ್ತಾರೋ ಏನೋ, ನನಗೆ ಮಾತ್ರ ನೇರ ಎದೆಗೆ ಬಿತ್ತು. ಆ ಗೋಡೆ ನೋಡುವ ಮುಖವನ್ನು ಎರಡು ವರ್ಷ, ದಿನಾ ಸಂಜೆ, ಕಂಡವಳು ನಾನೊಬ್ಬಳೇ. ಮನೆಯವರಿಗೆ ಅವನು ಫೋನ್ ಹಿಡಿದ ಬೆನ್ನು ಕಾಣುತ್ತಿತ್ತು. ಅವನ ಮುಖ ಕಾಣುತ್ತಿದ್ದುದು ನನಗೆ.

ಅದನ್ನು ಡಾಕ್ಟರಿಗೆ ಕೇಳಿದೆ. ಇವರು ಮಾತಾಡುವಾಗ ಯಾಕೆ ಒಂದು ಕಡೆ ನೋಡುತ್ತಾರೆ?

"ನಡಕ ಕಾಣಂಗಿಲ್ಲ, ಅಂಚಿನ್ಯಾಗ ಕಾಣ್ತೈತಿ. ಹಿಂಗಾದವ್ರು ಏನರೆ ನೋಡ್ಬೇಕಂದ್ರ ಬಾಜೂಕ ನೋಡ್ತಾರ್ರಿ. ನಿಮ್ಮ ಬಾಜೂಕ ನೋಡಾಕತ್ತಾರ ಅಂದ್ರ ನಿಮ್ಮನ್ನ ನೋಡಾಕತ್ತಾರ ಅಂತ ತಿಳ್ಕೋರಿ" ಎಂದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಅವನನ್ನು ಕರೆದುಕೊಂಡು ಹೊರಗೆ ಬಂದೆ. ದವಾಖಾನೆಯ ಎದುರಿನ ಹೋಟೆಲಿನಲ್ಲಿ ಎರಡು ಚಹಾ ಹೇಳಿ, ಅವನ ಎದುರಿಗೆ ಕೂತೆ. ಇನ್ನು ಮುಚ್ಚಿಟ್ಟುಕೊಂಡು ಬದುಕಲು ಆಗುತ್ತಿರಲಿಲ್ಲ.

"ಅಣ್ಣಾ, ನನ್ನ ಫೋನ್ ಕೆಟ್ಟಿದ್ದಿಲ್ಲ. ರಿಪೇರಿ ಮಾಡ್ಸಿದ್ನಿ. ನೀ ನಂಗ ಕಾಣ್ತಿದ್ದಿ. ದಿನಾ ಕಾಣ್ತಿದ್ದಿ."

ಅವನು ಚಹಾ ಊದಿಕೊಂಡು ಕುಡಿದ.

"ಗೊತ್ತಿತ್ತು" ಎಂದ.

"ಹೆಂಗ?"

"ಹ್ವಾದ ವರ್ಷ ದೀಪಾವಳಿ ಮುಂದ ಒಂದಿನ, ಅಣ್ಣಾ ಅಂಗಿ ತಿರುವ ಹಾಕ್ಕೊಂಡಿ, ಹೊಲಿಗಿ ಹೊರಗ ಕಾಣ್ತಾವು ಅಂದಿ. ಕೈ ಆಡಿಸಿ ನೋಡ್ಕೊಂಡ್ನಿ, ಖರೆನ ತಿರುವಿತ್ತು. ಏನೂ ಕಾಣವಲ್ದು ಅನ್ನಾಕಿಗೆ ಹೊಲಿಗಿ ಹೆಂಗ ಕಂಡ್ವು?"

ನನಗೆ ನೆನಪೇ ಇರಲಿಲ್ಲ. ದರ್ಜಿಯ ಕಣ್ಣು, ಸುಳ್ಳು ಹೇಳುವಾಗಲೂ ಹೊಲಿಗೆ ಬಿಡುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

"ಗೊತ್ತಾದ ಮ್ಯಾಲೂ ಯಾಕ ಬಂದಿ? ಕಣ್ಣ ಕಾಣ್ದ, ಬಸ್ ತಪ್ಪಿಸಿಕೊಂಡು, ಮಂಗ್ಯಾಗೋಳ ಕೈಯಾಗ ಸಿಕ್ಕು?"

"ಮೊದಲ ಸಲ ಬಂದದ್ದು, ನೀ ಕಾಣವಲ್ದು ಅಂದಿ ಅಂತ. ಕಾಣದ ಇದ್ರ ಹೆಂಗ ಆಗ್ತೈತಿ ನಂಗ ಗೊತ್ತಿತ್ತಲ್ಲ. ಆಮ್ಯಾಲ..." ಎಂದು ತಡೆದ. ಕಪ್ಪನ್ನು ಮೇಜಿನ ಮೇಲೆ ಇಡಲು ಒಂದು ಕೈಯಿಂದ ಮೇಜಿನ ಅಂಚು ಹುಡುಕಿದ. "ಸುಳ್ಳ ಹೇಳಿ ಕರಿಯೋರು ನಂಗ ಇನ್ನ್ಯಾರದಾರ ತಂಗಿ?"

ಇಷ್ಟು ಹೇಳಿ ಅವನು ಗೋಡೆಗೆ ಅಂಟಿಸಿದ್ದ ದರಪಟ್ಟಿಯನ್ನು ನೋಡತೊಡಗಿದ. ಅದು ದರಪಟ್ಟಿಯನ್ನು ನೋಡುವ ನೋಟವಲ್ಲ ಎಂದು ಈಗ ನನಗೆ ಗೊತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಅವನಿಗೆ ಕಾಣಲಿ ಎಂದು ಅಲುಗದೆ ಕೂತೆ.

ಇಳಕಲ್ಲಿಗೆ ಬಂದ ಮೇಲೆ ಫೋನಿನ ಅಂಗಡಿಗೆ ಹೋದೆ. ತೆಗೆದಿಟ್ಟಿದ್ದ ಪೆಟ್ಟಿಗೆಯನ್ನು ಅವರು ಮುಂದಿಟ್ಟರು. ಹದಿನೆಂಟು ಸಾವಿರ ಕೊಟ್ಟರೆ ಅದು ನನ್ನ ಬಿಳಿ ಕೂದಲು ಒಂದೊಂದನ್ನೂ ಶಿರೂರಿಗೆ ಮುಟ್ಟಿಸಬಹುದು. ಅಲ್ಲಿ ಅದನ್ನು ನೋಡುವವನಿಗೆ ಗೇಣುದ್ದದ ಗಾಜಿನಲ್ಲಿ ಅಂಚೂ ಇಲ್ಲ, ಬಾಜೂ ಇಲ್ಲ.

"ಬ್ಯಾಡ್ರಿ. ಇದಕ್ಕ ಹೊಸಾ ಗಾಜ ಹಾಕಿ ಕೊಡ್ರಿ ಸಾಕು" ಎಂದು ನನ್ನ ಹಳೆಯದನ್ನೇ ಕೊಟ್ಟೆ.

"ಎರಡು ವರ್ಷದ ಹಿಂದನ ಹಾಕಿದ್ರ ಆಗ್ತಿತ್ತಲ್ರಿ ಅಕ್ಕಾರ" ಎಂದರು. ಆಗುತ್ತಿತ್ತು ಎಂದು ಒಪ್ಪಿಕೊಂಡೆ.

ಗಿರಾಕಿಗಳಿಗೆ ಫೋಟೊ ಬೇಡ, ಅಳತೆಯ ಕುಬಸ ತರ್ರಿ ಎಂದು ಹೇಳಿಬಿಟ್ಟೆ. ಕೆಲವರು ಬಿಟ್ಟುಹೋದರು. ಕೆಲವರು ಬಂದು ಮೊದಲಿನಂತೆ ಅತ್ತೆಯರನ್ನು ಬೈದು ಹೋದರು. ಹುನಗುಂದದ ಶಿಕ್ಷಕಿಗೆ ಮೂರನೇ ಖಣ ತಂದು ಹೊಲಿದು ಕೊಟ್ಟೆ, ಆ ಪುಣ್ಯಾತ್ಮಳು ಏನೂ ಅನ್ನಲಿಲ್ಲ. ಅಣ್ಣ ಸೀಳಿದ ಖಣದಲ್ಲಿ ಎರಡು ಬೆರಳಗಲ ಕತ್ತರಿಸಿ, ಅವನಿಗೆಂದು ಹೊಲಿದ ಹೊಸ ಅಂಗಿಯ ಕೊರಳಿನ ಒಳಬದಿಗೆ ಹಚ್ಚಿದೆ. ಒಳಗೆ ಯಾವುದು, ಹೊರಗೆ ಯಾವುದು ಎಂದು ಬೆರಳಿಗೆ ತಿಳಿಯಲಿ ಎಂದು.

ಆಮೇಲೆ ಹದಿನೈದು ದಿನಕ್ಕೊಮ್ಮೆ ಶಿರೂರಿಗೆ ನಾನೇ ಹೋಗತೊಡಗಿದೆ. ಮೊದಲ ಸಲ ಹೋದಾಗಲೇ ಅಂಗಿ ಕೊಟ್ಟು, "ಈ ಸಲ ಪಂಚಮಿಗೂ ನೀ ಬರಬ್ಯಾಡ, ನಾನ ಬರ್ತೇನಿ" ಎಂದೆ.

"ಕರೀದ ಹೆಂಗ ಬರ್ತಿ? ಮಂದಿ ಏನಂತಾರ?" ಎಂದು ಗೊಣಗಿದ.

ಹಬ್ಬದ ಮೊದಲ ದಿನವಾದ ರೊಟ್ಟಿ ಪಂಚಮಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊರಟೆ. ಶಿರೂರಿನಲ್ಲಿ ಬಸ್ಸು ನಿಂತಾಗ ನನ್ನ ಜೊತೆ ಏಳೆಂಟು ಹೆಂಗಸರು ಇಳಿದರು, ಎಲ್ಲರ ಕೈಯಲ್ಲೂ ಬುತ್ತಿಯ ಗಂಟು. ಬೇವಿನ ಮರದ ಕೆಳಗೆ ಅಣ್ಣ ನಿಂತಿದ್ದ. ಹೊಸ ಅಂಗಿ ಹಾಕಿದ್ದ, ಸರಿಯಾಗಿಯೇ ಹಾಕಿದ್ದ. ಮನೆಯಿಂದ ಅಷ್ಟು ದೂರಕ್ಕೆ ಒಬ್ಬನೇ ನಡೆದು ಬಂದಿದ್ದ.

ಅವನು ನನ್ನತ್ತ ನೋಡುತ್ತಿರಲಿಲ್ಲ. ನನ್ನಿಂದ ನಾಲ್ಕು ಮಾರು ಆಚೆ, ಚಹಾದಂಗಡಿಯ ಗೋಡೆಯನ್ನು ನೋಡುತ್ತಿದ್ದ. ಮೊದಲಾಗಿದ್ದರೆ ಓಡಿ ಹೋಗಿ ಅವನ ಕಣ್ಣೆದುರು ನಿಂತು, ಇಲ್ಲಿ ನೋಡೋ, ನಾ ಇಲ್ಲೆದೇನಿ ಎನ್ನುತ್ತಿದ್ದೆ. ಈಗ ಎದುರಿಗೆ ಹೋದರೆ ಅವನಿಗೆ ಕಾಣುವಷ್ಟೂ ತಪ್ಪಿಹೋಗುತ್ತದೆ. ಹೀಗಾಗಿ ಇಳಿದ ಜಾಗದಲ್ಲೇ ನಿಂತೆ. ಉಳಿದ ಹೆಂಗಸರೆಲ್ಲ ಹೋಗುವವರೆಗೂ ನಿಂತೆ. ಅವನು ಆ ಗೋಡೆಯನ್ನೇ ನೋಡುತ್ತ ಮೆಲ್ಲಗೆ ನಕ್ಕ.

"ಬಂದಿ ತಂಗಿ?" ಎಂದ. "ಕರಿಯಾಕ ಬಂದೇನಿ, ನಡಿ."

"ಕಾಣ್ತೇನೇನ ಅಣ್ಣಾ?"

"ಕಾಣ್ತಿ, ಕಾಣ್ತಿ" ಎಂದ.

ಖರೆಯೋ ಸುಳ್ಳೋ ಎಂದು ನಾನು ಕೇಳಲಿಲ್ಲ. ಬುತ್ತಿಯ ಗಂಟನ್ನು ಅವನ ಕೈಗೆ ಕೊಟ್ಟೆ, ಕರೆಯಲು ಬಂದವನೇ ಅದನ್ನು ಹೊರಬೇಕು. ಮನೆಯವರೆಗೂ ನಾನು ಅವನ ಮುಂದೆ ಹೋಗದೆ, ಪಕ್ಕದಲ್ಲಿ, ಅವನಿಗೆ ಕಾಣುವ ಅಂಚಿನಲ್ಲೇ ನಡೆದೆ.